‘ಬಾ ಯವ್ವಾ’ ಎಂದರೆ ಬರುತ್ತಿದ್ದ ಬೆಕ್ಕು

ಬೆಕ್ಕಿಗೆ ಮನುಷ್ಯರ ಮಾತು ತಿಳಿಯುತ್ತದೆಯೋ ಇಲ್ಲವೋ ಎಂಬ ವಿಷಯಕ್ಕೆ ನಮ್ಮ ಮಾವ ನಮ್ಮ ಅಕ್ಕನ ಕೈ ಮುರಿದ. ಹೀಗೆಂದರೆ ಯಾರೂ ನಂಬುವುದಿಲ್ಲ. ಬೇರೆ ಏನಾದರೂ ಕಾರಣ ಇದ್ದಿರಬೇಕು ಎನ್ನುತ್ತಾರೆ. ಬೇರೆ ಕಾರಣಗಳು ಬೇಕಾದಷ್ಟಿದ್ದವು. ಆದರೆ ಆ ದಿನ ಜಗಳ ಹತ್ತಿದ್ದು ಬೆಕ್ಕಿನ ಮೇಲೆಯೇ. ನಾನು ಅಲ್ಲೇ ಇದ್ದೆ.

ಆಗ ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ನಾವು ಬಾದಾಮಿಯವರು. ಅಕ್ಕನನ್ನು ಇಳಕಲ್ಲಿನ ಒಂದು ನೇಕಾರರ ಮನೆಗೆ ಕೊಟ್ಟಿದ್ದರು. ಮದುವೆಯಾದ ಮರುವರ್ಷ ಅವಳ ಹೊಟ್ಟೆಯಲ್ಲಿದ್ದ ಕೂಸು ಹೋಯಿತು. ಬಚ್ಚಲಲ್ಲಿ ಜಾರಿ ಬಿದ್ದಳು ಎಂದು ಇಳಕಲ್ಲಿನಿಂದ ಹೇಳಿ ಕಳಿಸಿದರು. ಅವಳ ತಂಗಿ ನಾನು ಮ್ಯಾಟ್ರಿಕ್ ಮುಗಿಸಿ ಮನೆಯಲ್ಲಿ ಸುಮ್ಮನೆ ಕೂತಿದ್ದೆ. ‘ಅಕ್ಕನ ಕೈಕೆಳಗ ಇದ್ದು ಬಾ’ ಎಂದು ಅವ್ವ ನನ್ನನ್ನು ಬಸ್ಸು ಹತ್ತಿಸಿದಳು.

ಆ ಮನೆಯಲ್ಲಿದ್ದವರು ಮೂವರೇ: ಅಕ್ಕ, ಅವಳ ಗಂಡ ಅಂದರೆ ನಮ್ಮ ಮಾವ, ಮಾವನ ತಾಯಿ. ಆಕೆಯನ್ನು ನಾನೂ ಅತ್ತಿ ಎಂದೇ ಕರೆಯುತ್ತಿದ್ದೆ. ಮುಂದಿನ ಕೋಣೆಯಲ್ಲಿ ನೆಲ ತೋಡಿ ಕೂರಿಸಿದ ಮಗ್ಗ. ಕುಣಿಯಲ್ಲಿ ಕಾಲು ಇಳಿಬಿಟ್ಟು ಮಾವ ಬೆಳಿಗ್ಗೆಯಿಂದ ಸಂಜೆಯವರೆಗೆ ಸೀರೆ ನೇಯುತ್ತಿದ್ದ. ಪಕ್ಕದಲ್ಲಿ ಅತ್ತಿ ರಾಟಿ ಹಿಡಿದು ನೂಲು ಸುತ್ತುತ್ತಿದ್ದಳು. ಹಿಂದೆ ಅಡಿಗೆ ಮನೆ, ಅದರ ಹಿಂದೆ ಹಿತ್ತಲು, ಹಿತ್ತಲ ಗೋಡೆಯಾಚೆ ನೂಲಿಗೆ ಬಣ್ಣ ಹಾಕುವ ಮುಸಲ್ಮಾನರ ಮನೆ. ಆ ಮನೆಯ ಹೆಂಗಸನ್ನು ಎಲ್ಲರೂ ಚಾಚಿ ಎನ್ನುತ್ತಿದ್ದರು.

ನೇಕಾರರ ಮನೆಯಲ್ಲಿ ಬೆಕ್ಕು ಇರಲೇಬೇಕು. ನೂಲಿಗೆ ಗಂಜಿ ಹಾಕುತ್ತಾರೆ, ಆ ವಾಸನೆಗೆ ಇಲಿ ಬರುತ್ತದೆ. ಮಗ್ಗದ ಮೇಲೆ ಹಾಸಿದ ರೇಷ್ಮೆ ಎಳೆಗಳನ್ನು ಒಮ್ಮೆ ಇಲಿ ಕಡಿಯಿತೆಂದರೆ ಎಷ್ಟೋ ದಿನದ ದುಡಿಮೆ ಮಣ್ಣುಪಾಲು. ಹಾಗಾಗಿ ಅಲ್ಲಿ ಒಂದು ಬೂದಿ ಬಣ್ಣದ ಹೆಣ್ಣು ಬೆಕ್ಕಿತ್ತು. ಅದರ ಒಂದು ಕಿವಿಯ ತುದಿ ಹರಿದಿತ್ತು.

ನಮ್ಮ ಅಕ್ಕ ಮದುವೆಗೆ ಮೊದಲು ಬಾಯಿ ಮುಚ್ಚಿದವಳಲ್ಲ. ಇಲ್ಲಿ ನೋಡಿದರೆ ಮಾತೇ ಇಲ್ಲ. ನನ್ನ ಹತ್ತಿರವೂ ‘ನೀರು ತಾ’, ‘ಒಲಿ ನೋಡು’ ಇಷ್ಟೇ. ಮಾತೆಲ್ಲ ಬೆಕ್ಕಿನ ಹತ್ತಿರ. ಅದನ್ನು ಅವಳು ‘ಯವ್ವಾ’ ಎಂದು ಕರೆಯುತ್ತಿದ್ದಳು, ನಮ್ಮ ಕಡೆ ಹೆಣ್ಣುಮಕ್ಕಳನ್ನು ಕರೆಯುವ ಹಾಗೆ. ‘ಬಾ ಯವ್ವಾ’ ಎಂದರೆ ಎಲ್ಲಿದ್ದರೂ ಬರುತ್ತಿತ್ತು. ‘ಹಾಸಿನ ಮ್ಯಾಲ ಬ್ಯಾಡ’ ಎಂದರೆ ಮಗ್ಗದ ಮೇಲೆ ಎತ್ತಿದ ಕಾಲನ್ನು ಕೆಳಗಿಡುತ್ತಿತ್ತು. ‘ಮ್ಯಾಲ ಹೋಗು’ ಎಂದರೆ ಅಟ್ಟ ಏರುತ್ತಿತ್ತು. ದನಿ ಏರಿಸದೆ, ರೊಟ್ಟಿ ಬಡಿಯುತ್ತಲೇ ಅಕ್ಕ ‘ಇಲಿ’ ಎಂದರೆ ಸಾಕು, ಮಲಗಿದ್ದ ಬೆಕ್ಕಿನ ಕಿವಿ ಮೂಲೆಯ ಕಡೆ ಹೊರಳುತ್ತಿತ್ತು.

ನನಗೆ ಅನುಮಾನ. ಒಂದು ಮಧ್ಯಾಹ್ನ ಅಕ್ಕನ ಹಾಗೆಯೇ ದನಿ ಮಾಡಿ ‘ಬಾ ಯವ್ವಾ’ ಎಂದೆ. ಬೆಕ್ಕು ನನ್ನತ್ತ ನೋಡಿತು, ಕಣ್ಣು ಮುಚ್ಚಿತು. ನಾನು ಅತ್ತಿಯನ್ನು ಕೇಳಿದೆ.

“ಅತ್ತಿ, ಇದಕ್ಕ ಖರೇನ ಮಾತು ತಿಳಿತೈತೇನ್ರಿ?”

“ತಿಳಿತೈತಿ,” ಎಂದಳು ಆಕೆ, ರಾಟಿ ನಿಲ್ಲಿಸದೆ. “ಕೇಳೂದು ಬಿಡೂದು ಅದರ ಮರ್ಜಿ. ನನಗೂ ಎಲ್ಲಾ ತಿಳಿತೈತಿ. ಏನ್ ಮಾಡ್ಲಿ?”

ಆಕೆ ಏನನ್ನು ಹೇಳಿದಳೆಂದು ಆಗ ನನಗೆ ಗೊತ್ತಾಗಲಿಲ್ಲ. ಗೊತ್ತಾಗಲು ಬಹಳ ಕಾಲ ಬೇಕಾಗಲೂ ಇಲ್ಲ. ಅದೇ ವಾರ ಮಗ್ಗದ ಎಳೆ ಹರಿಯಿತು. ಮಾವ ಬೈಯುತ್ತ ಗಂಟು ಹಾಕುತ್ತಿದ್ದ. ಬೆಕ್ಕು ಬಾಗಿಲಲ್ಲಿ ಕೂತಿತ್ತು. ಅಕ್ಕ ಅದಕ್ಕೆ ಏನೋ ಹೇಳಿ ನಕ್ಕಳು. ನಾನು ಬಂದ ಮೇಲೆ ಅವಳು ನಕ್ಕಿದ್ದು ಅದೇ ಮೊದಲು. ಮಾವ ಕೈಯಲ್ಲಿದ್ದ ಲಾಳಿಯನ್ನು ಬೀಸಿ ಒಗೆದ. ಲಾಳಿ ಎಂದರೆ ಮೊಳಕ್ಕೆ ಸ್ವಲ್ಪ ಕಡಿಮೆ ಉದ್ದದ ಗಟ್ಟಿ ಕಟ್ಟಿಗೆ, ಎರಡೂ ತುದಿಗೆ ಕಬ್ಬಿಣ. ಬೆಕ್ಕಿಗೆ ಒಗೆದನೋ ಅಕ್ಕನಿಗೋ ತಿಳಿಯದು. ಬೆಕ್ಕು ಅಷ್ಟರಲ್ಲಿ ಅಲ್ಲಿರಲಿಲ್ಲ. ಕಬ್ಬಿಣದ ತುದಿ ಅಕ್ಕನ ಹುಬ್ಬಿನ ಮೇಲೆ ಬಡಿದು ಚರ್ಮ ಬಾಯಿ ತೆರೆಯಿತು. ಕಣ್ಣಿನೊಳಗೆ ರಕ್ತ ಇಳಿದು ಅವಳು ಗೋಡೆ ತಡವುತ್ತ ಕೂತಳು. ಅತ್ತಿ ಅರಿಷಿಣ ತಂದು ಒತ್ತಿದಳು, ಮತ್ತೆ ಹೋಗಿ ರಾಟಿಯ ಮುಂದೆ ಕೂತಳು. ಮಾವ ಲಾಳಿಯನ್ನು ಎತ್ತಿಕೊಂಡು, ಧೋತರದ ಚುಂಗಿಗೆ ಒರೆಸಿ, ನೇಯಲು ಹತ್ತಿದ.

“ಅಕ್ಕಾ, ಊರಿಗೆ ಹೋಗೂಣು ನಡಿ,” ಎಂದೆ.

“ನೀ ಸುಮ್ನಿರು. ಅವ್ವಗ ಹೇಳಬ್ಯಾಡ,” ಎಂದಳು.

ಬೇಸಗೆಯಲ್ಲಿ ಬೆಕ್ಕು ಅಟ್ಟದ ಮೇಲೆ ಹಳೇ ನೂಲಿನ ಗಂಟುಗಳ ನಡುವೆ ಮರಿ ಹಾಕಿತು. ಅಕ್ಕ ಏಣಿ ಹತ್ತಿ ದಿನಾ ನೋಡಿ ಬರುತ್ತಿದ್ದಳು. ಅವಳ ಮುಖದಲ್ಲಿ ಜೀವ ಬಂದಿತ್ತು. ಒಂದು ಬೆಳಿಗ್ಗೆ ಮೇಲಿನಿಂದ ಚೀರಾಟ ಕೇಳಿಸಿತು. ನಾವಿಬ್ಬರೂ ಏಣಿ ಏರಿದೆವು. ಓಣಿಯ ದೊಡ್ಡ ಗಂಡು ಬೆಕ್ಕೊಂದು ಬೆಳಕಿಂಡಿಯಿಂದ ಇಳಿದು ಬಂದಿತ್ತು. ಮರಿಗಳ ಕುತ್ತಿಗೆಗಳನ್ನು ಕಡಿದು ಹಾಕಿತ್ತು. ತಾಯಿ ಬೆಕ್ಕು ಹೊರಗೆಲ್ಲೋ ಹೋಗಿತ್ತು. ಅಕ್ಕ ಬೆಳಕಿಂಡಿಯ ಹಲಗೆ ಮುಚ್ಚಿದಳು. ಮೂಲೆಯಲ್ಲಿ ಒರಗಿಸಿಟ್ಟಿದ್ದ ಒನಕೆಯನ್ನು ಎತ್ತಿಕೊಂಡಳು.

ಆ ಬೆಕ್ಕು ಗೋಡೆಯಿಂದ ಗೋಡೆಗೆ ಹಾರಿತು, ಅಕ್ಕನ ತೋಳನ್ನು ಮೊಣಕೈವರೆಗೆ ಸೀಳಿತು. ಅವಳು ಬಿಡಲಿಲ್ಲ. ಅದು ಬಿದ್ದ ಮೇಲೂ ಬಿಡಲಿಲ್ಲ. ನಾನು ಅವಳ ಸೊಂಟ ಹಿಡಿದು ಎಳೆದೆ, ಅವಳಿಗೆ ನಾನಿರುವುದೇ ಗೊತ್ತಾಗಲಿಲ್ಲ. ಒನಕೆಯ ತುದಿಗೆ ಕೂದಲು ಅಂಟಿತ್ತು, ಗೋಡೆಯ ಸುಣ್ಣದ ಮೇಲೆ ರಕ್ತ ಚಿಮ್ಮಿತ್ತು. ಕೊನೆಗೆ ಅವಳು ಕೈ ನಿಲ್ಲಿಸಿದಾಗ ಮಾವ ಏಣಿಯ ತುದಿಯಲ್ಲಿ ನಿಂತು ನೋಡುತ್ತಿದ್ದ. ಇಳಿದು ಹೋದ. ಅಕ್ಕ ಮರಿಗಳನ್ನು ಹಿತ್ತಲಲ್ಲಿ ಹುಗಿದಳು, ಗೋಡೆ ತೊಳೆದಳು, ಜೋಳದ ಹಿಟ್ಟು ನಾದಲು ಕೂತಳು.

ತಾಯಿ ಬೆಕ್ಕು ಬಂದು ಅಟ್ಟವನ್ನೆಲ್ಲ ಹುಡುಕಿತು. ಎಷ್ಟೋ ದಿನ ಕೂಗುತ್ತ ತಿರುಗಿತು. ಅಕ್ಕ ಅದರ ಮುಂದೆ ಕೂತು, “ಇಲ್ಲ ಯವ್ವಾ, ಇಲ್ಲ,” ಎನ್ನುತ್ತಿದ್ದಳು. ಅಷ್ಟು ಮಾತು ತಿಳಿಯುತ್ತಿದ್ದ ಬೆಕ್ಕಿಗೆ ಅದೊಂದು ಮಾತು ತಿಳಿಯಲಿಲ್ಲ. ಅವಳ ಮುಖ ನೋಡುತ್ತಿತ್ತು, ಮತ್ತೆ ಏಣಿ ಏರುತ್ತಿತ್ತು.

ಅಟ್ಟದ ಮೇಲೆ ನಡೆದದ್ದು ಓಣಿಗೆಲ್ಲ ಗೊತ್ತಾಯಿತು. ಸಂಜೆ ನಮ್ಮ ಮನೆ ಮುಂದಿನ ಕಟ್ಟೆಯ ಮೇಲೆ ಕೂಡುತ್ತಿದ್ದ ಗಂಡಸರಿಗೆ ಮಾವನನ್ನು ಕೆಣಕಲು ಒಂದು ನೆಪ ಸಿಕ್ಕಿತು. ನಿನ್ನ ಹೆಂಡತಿಯ ಕೈಗೆ ಒನಕೆ ಕೊಡಬೇಡಪ್ಪ ಎನ್ನುವವರು ಕೆಲವರು. ಒಂದು ದಿನ ಅವರಲ್ಲೊಬ್ಬ ಹೇಳಿದ್ದು ನನಗೆ ಒಳಗೆ ಕೇಳಿಸಿತು.

“ಏನ್ಲೇ, ನಿನ್ನ ಮನ್ಯಾಗ ಬೆಕ್ಕ ಸೈತ ನಿನ್ನ ಮಾತು ಕೇಳಂಗಿಲ್ಲಂತಲ್ಲ? ಹೆಂಡತಿ ಮಾತು ಅಷ್ಟ ಕೇಳತೈತಂತ.”

ಬೆಕ್ಕು ಆಗ ಹೊಸ್ತಿಲ ಹತ್ತಿರವೇ ಇತ್ತು. ಮಾವ ನಗುತ್ತಲೇ ಅದನ್ನು ಕರೆದ. ‘ಬಾ’ ಎಂದ, ‘ಬಾ ಯವ್ವಾ’ ಎಂದೂ ಅಂದ. ಬೆಕ್ಕಿನ ಹರಿದ ಕಿವಿ ಅವನ ಕಡೆ ತಿರುಗಿತು. ಅದು ಕೇಳಿಸಿಕೊಂಡಿದೆ ಎಂದು ನನಗೆ ಗೊತ್ತಾಯಿತು, ಅವನಿಗೂ ಗೊತ್ತಾಗಿರಬೇಕು. ಅದು ಎದ್ದು, ಅವನಿಗೆ ಬೆನ್ನು ಮಾಡಿ, ಮನೆಯೊಳಗಿಂದ ಹಿತ್ತಲಿಗೆ ಹೋಯಿತು. ಕಟ್ಟೆಯ ಮೇಲೆ ನಗು ಎದ್ದಿತು.

ಮಾವ ಒಳಗೆ ಬಂದು ಬಾಗಿಲ ಚಿಲಕ ಹಾಕಿದ. ಹೊತ್ತು ಇನ್ನೂ ಮುಳುಗಿರಲಿಲ್ಲ. ಹಿತ್ತಲ ಒಲೆಯ ಮೇಲೆ ಅತ್ತಿ ಮರುದಿನದ ನೂಲಿಗೆ ಗಂಜಿ ಕುದಿಸುತ್ತಿದ್ದಳು. ಅಕ್ಕ ಮಗ್ಗದ ಹತ್ತಿರ ಕಸ ಬಳಿಯುತ್ತಿದ್ದಳು. ಮಾವ ಅವಳ ಬಲಗೈ ಹಿಡಿದು ಬೆನ್ನ ಹಿಂದೆ ಮಡಚಿದ. ಹಾಗೆಯೇ ನೂಕುತ್ತ ಹಿತ್ತಲ ಬಾಗಿಲವರೆಗೆ ತಂದ. ಬೆಕ್ಕು ಚಾಚಿಯ ಮನೆಯ ಗೋಡೆಯ ಮೇಲೆ ಕೂತಿತ್ತು.

“ಕರಿ ಅದನ್ನ. ಇವತ್ತ ಅದರ ಕಿವಿ ನೋಡ್ತೇನಿ,” ಎಂದ. ಅವನ ಇನ್ನೊಂದು ಕೈಯಲ್ಲಿ ನೂಲು ಕತ್ತರಿಸುವ ಕತ್ತರಿ ಇತ್ತು.

ಅವನು ಅಕ್ಕನನ್ನು ಮಗ್ಗದ ಹತ್ತಿರದಿಂದ ನೂಕಲು ಹತ್ತಿದಾಗಲೇ ನಾನು ಅವನ ತೋಳಿಗೆ ಜೋತು ಬಿದ್ದು ಕಚ್ಚಿದ್ದೆ. ಬಾಯಿಗೆ ಉಪ್ಪು ಬಂತು. ಅವನು ಹಿಂದಕ್ಕೆ ಒದ್ದ. ನಾನು ಉರುಳಿ ಮಗ್ಗದ ಕುಣಿಯೊಳಗೆ ಬಿದ್ದೆ. ತಲೆ ಕಟ್ಟಿಗೆಗೆ ಬಡಿಯಿತು. ಎರಡೂ ಕೋಣೆಯ ಬಾಗಿಲು ನೇರವಾಗಿದ್ದವು, ಹಿತ್ತಲ ಗೋಡೆಯವರೆಗೆ ಕಾಣುತ್ತಿತ್ತು. ಮುಂದಿನದೆಲ್ಲವನ್ನೂ ನಾನು ಆ ಕುಣಿಯಿಂದ ತಲೆ ಎತ್ತಿ ನೋಡಿದ್ದು.

ಅಕ್ಕ ಕರೆದಳು. “ಬಾ ಯವ್ವಾ.” ಅದೇ ಮಾತು. ದಿನಾ ಕರೆಯುವುದಕ್ಕಿಂತ ಹೆಚ್ಚಲ್ಲ, ಕಡಿಮೆಯಲ್ಲ ಎಂದೇ ನನಗೆ ಅನಿಸಿತು. ಬೆಕ್ಕು ಎದ್ದು ನಿಂತಿತು. ಅವಳನ್ನು ನೋಡಿತು. ಅವಳ ಹತ್ತಿರ ಬರುವಾಗ ಏಳುತ್ತಿದ್ದ ಬಾಲ ನೆಟ್ಟಗಾಗಲಿಲ್ಲ. ಮತ್ತೊಮ್ಮೆ ಕರೆದಳು. ಅದು ಗೋಡೆಯ ಆಚೆ ಬದಿಗೆ ಇಳಿದು ಹೋಯಿತು.

“ಅದಕ್ಕ ಏನ್ ಹೇಳಿದಿ?” ಎಂದ ಮಾವ.

“ಬಾ ಅಂದ್ನಿ.”

“ಸುಳ್ಳ ಹೇಳಬ್ಯಾಡ. ಬರಬ್ಯಾಡ ಅಂತ ಹೇಳಿದಿ.”

“ಬಾ ಅಂದ್ನಿ. ನೀವ ಕೇಳಿದ್ರಲ್ಲಾ.”

ಅವನು ಕೈಯನ್ನು ಇನ್ನೂ ತಿರುವಿದ.

“ಅಕಿ ಕೈ ಬಿಡು,” ಎಂದಳು ಅತ್ತಿ, ಒಲೆಯ ಹತ್ತಿರದಿಂದ.

ಅವನು ತಿರುಗಿ ನೋಡಲಿಲ್ಲ.

“ತಮ್ಮಾ, ಅಕಿ ಕೈ ಬಿಡು.”

ಒಣಗಿದ ಕಟ್ಟಿಗೆ ಮುರಿದಂಥ ಸದ್ದಾಯಿತು. ಅಕ್ಕನ ಬಾಯಿಂದ ಬಂದದ್ದು ಕೂಗಲ್ಲ, ಉಸಿರು. ಅತ್ತಿ ಸೆರಗಿನಿಂದ ಗಂಜಿಯ ಪಾತ್ರೆಯ ಎರಡೂ ಬದಿ ಹಿಡಿದು ಎತ್ತಿದಳು. ನಾಲ್ಕು ಹೆಜ್ಜೆ ಬಂದು, ತನ್ನ ಮಗನ ಬೆನ್ನ ಮೇಲೆ ಸುರುವಿದಳು.

ಅವನ ಚೀರಾಟಕ್ಕೆ ಓಣಿಯೆಲ್ಲ ಬಾಗಿಲಿಗೆ ಬಂತು. ಕುದಿಯುವ ಗಂಜಿ ನೀರಿನ ಹಾಗೆ ಹರಿದು ಹೋಗುವುದಿಲ್ಲ, ಅಂಟಿಕೊಳ್ಳುತ್ತದೆ. ಅವನು ಅಂಗಿ ಕಿತ್ತಾಗ ಚರ್ಮವೂ ಜೊತೆಗೆ ಬಂತು. ಚಾಚಿ ಗೋಡೆ ಹಾರಿ ಬಂದು ಅವನ ಮೇಲೆ ಕೊಡಗಟ್ಟಲೆ ನೀರು ಹೊಯ್ದಳು. ಅವಳೇ ಅಕ್ಕನ ಕೈಗೆ ಹಲಗೆಯ ತುಂಡಿಟ್ಟು ತನ್ನ ದುಪಟ್ಟಾದಿಂದ ಕಟ್ಟಿದಳು. ಅತ್ತಿಯ ಅಂಗೈಗಳಲ್ಲೂ ಬೊಬ್ಬೆ ಎದ್ದಿದ್ದವು. ಆಕೆ ಅವನ್ನು ಯಾರಿಗೂ ತೋರಿಸಲಿಲ್ಲ.

ಹುನಗುಂದದ ದವಾಖಾನೆಯಲ್ಲಿ ಇಬ್ಬರನ್ನೂ ನೋಡಿ ಬಾಗಲಕೋಟೆಗೆ ಒಯ್ಯಲು ಹೇಳಿದರು. ಒಂದೇ ಬಸ್ಸಿನಲ್ಲಿ ಹೋದೆವು. ಮಾವ ಮುಂದಿನ ಸೀಟಿನ ಕಂಬಿಗೆ ಹಣೆ ಹಚ್ಚಿ ಕೂತಿದ್ದ. ರಸ್ತೆ ಕುಣಿದಾಗಲೆಲ್ಲ ನರಳುತ್ತಿದ್ದ. ಅಕ್ಕ ನನ್ನ ಹೆಗಲಿಗೆ ಒರಗಿದ್ದಳು. ಕಮತಗಿ ದಾಟಿದ ಮೇಲೆ ಒಂದೇ ಮಾತು ಹೇಳಿದಳು. “ನಾ ಬಚ್ಚಲದಾಗ ಜಾರಿ ಬಿದ್ದಿದ್ದಲ್ಲ.”

ಬಾಗಲಕೋಟೆಯ ಡಾಕ್ಟರು ಕೈ ಹೇಗೆ ಮುರಿಯಿತೆಂದು ಕೇಳಿದರು. “ಇವರು ತಿರುವಿದ್ರು,” ಎಂದಳು ಅಕ್ಕ. ಬೆನ್ನು ಹೇಗೆ ಸುಟ್ಟಿತೆಂದು ಕೇಳಿದರು. “ನಾ ಸುರುವಿದ್ನಿ,” ಎಂದಳು ಅತ್ತಿ. ಡಾಕ್ಟರು ತಲೆ ಎತ್ತಿದರು.

“ಯಾಕವ್ವಾ? ನಿನ್ನ ಮಗ ಅಲ್ಲೇನು?”

“ಮಗಾನ ಹೌದ್ರಿ. ಹೇಳಿದ್ನಿ, ಬಿಡಲಿಲ್ಲ.”

ಅಕ್ಕ ಕೈಗೆ ಪಟ್ಟಿ ಹಾಕಿಸಿಕೊಂಡು ನನ್ನ ಜೊತೆ ಬಾದಾಮಿಗೆ ಬಂದಳು. ಮಾವ ಗಾಯ ಮಾಯ್ದ ಮೇಲೆ ತಾಯಿಯ ಮುಖ ನೋಡಲಾರೆನೆಂದು ಇಚಲಕರಂಜಿಯ ಪವರ್‌ಲೂಮಿಗೆ ಹೊರಟು ಹೋದ. ಅದನ್ನು ಹೇಳಲು ಅತ್ತಿಯೇ ಬಸ್ಸು ಹಿಡಿದು ನಮ್ಮ ಮನೆಗೆ ಬಂದಳು. ಅವ್ವ ಚಹಾ ಕೊಟ್ಟಳು. ಅತ್ತಿ ಅಕ್ಕನಿಗೆ ಹೇಳಿದಳು, “ಮಗ್ಗ ಖಾಲಿ ಕುಂತೈತಿ. ಬರೂದಿದ್ರ ಬಾ. ಬರದಿದ್ರ ನಾ ಏನೂ ಅನ್ನಂಗಿಲ್ಲ.” ಅಕ್ಕ ಹೋದಳು. ಕೆಲವು ದಿನ ನಾನೂ ಹೋದೆ.

ಬೆಕ್ಕು ಚಾಚಿಯ ಮನೆ ಸೇರಿಕೊಂಡಿತ್ತು. ಅಕ್ಕ ಹಿತ್ತಲಲ್ಲಿ ನಿಂತು ಕರೆದಳು. ಅದು ಗೋಡೆ ಏರಿ ನಿಂತು ಅವಳನ್ನು ನೋಡಿತು, ಇಳಿಯಲಿಲ್ಲ. ಆ ಮಾತು ಕೇಳಿದರೆ ಅದಕ್ಕೆ ಈಗ ಕತ್ತರಿ ಹಿಡಿದ ಕೈ ನೆನಪಾಗುತ್ತಿತ್ತೋ ಏನೋ. ಅಕ್ಕ ಕರೆಯುವುದನ್ನು ಬಿಟ್ಟಳು. ಒಂದು ಬೆಳಿಗ್ಗೆ ಅವಳು ಎಡಗೈಯಿಂದ ಲಾಳಿ ಒಗೆಯುವುದನ್ನು ಕಲಿಯುತ್ತ, ಲಾಳಿ ತಪ್ಪಿದಾಗ ತನ್ನನ್ನೇ ಬೈದುಕೊಳ್ಳುತ್ತ ಕೂತಿದ್ದಳು. ಬೆಕ್ಕು ಬಂದು ಕುಣಿಯ ಅಂಚಿಗೆ ಮಲಗಿತು. ಬೆಕ್ಕಿಗೆ ಅವಳ ಬಾಯಿಂದ ಬಂದ ಯಾವ ಮಾತು ಬೇಕಾಗಿತ್ತೆಂದು ನನಗೆ ಇವತ್ತಿಗೂ ಹೇಳಲು ಬರುವುದಿಲ್ಲ. ಅಕ್ಕನ ಬಲಗೈ ಕೊನೆಗೂ ನೆಟ್ಟಗಾಗಲಿಲ್ಲ. ಅವಳು ಎಡಗೈಯಲ್ಲೇ ನೇಯ್ದಳು, ಅತ್ತಿ ಸಾಯುವವರೆಗೆ ಇಬ್ಬರೂ ಒಂದೇ ಕೋಣೆಯಲ್ಲಿ ಮಲಗಿದರು.

ಎಂಬತ್ತರ ದಶಕದ ನಡುವೆ, ಅತ್ತಿ ತೀರಿದ ಸುದ್ದಿ ತಡವಾಗಿ ಮುಟ್ಟಿ, ಮಾವ ಒಮ್ಮೆ ಬಂದ. ನಾನು ನನ್ನ ಕೂಸನ್ನು ಕರೆದುಕೊಂಡು ಅಕ್ಕನ ಹತ್ತಿರ ಹೋಗಿದ್ದೆ. ಅವನ ಕೂದಲು ಉದುರಿತ್ತು, ಕೆಮ್ಮುತ್ತಿದ್ದ. ಕಟ್ಟೆಯ ಮೇಲೇ ಕೂತ. ಅಕ್ಕ ನೀರು ಕೊಟ್ಟಳು.

“ಉಂಡು ಹೋಗ್ರಿ,” ಎಂದಳು. “ಸಂಜಿ ಬಸ್ ಐತಿ.”

ಅವನು ಅಲ್ಲಿಯೇ ಉಂಡ. ಆಗ ಮನೆಯಲ್ಲಿದ್ದದ್ದು ಆ ಬೂದಿ ಬೆಕ್ಕು ಆಮೇಲೆ ಹಾಕಿದ ಮರಿಯ ಮರಿ. ಅದು ಬಂದು ಅವನ ತಾಟಿನ ಮುಂದೆ ಕೂತಿತು. ಅವನು ‘ಬಾ’ ಎನ್ನಲಿಲ್ಲ, ‘ಹೋಗು’ ಎನ್ನಲಿಲ್ಲ. ಮಜ್ಜಿಗೆಯಲ್ಲಿ ರೊಟ್ಟಿಯ ಚೂರು ಅದ್ದಿ ನೆಲದ ಮೇಲಿಟ್ಟ. ಅದು ತಿಂದಿತು. ಅದಕ್ಕೆ ಅವನು ಯಾರೆಂದು ಗೊತ್ತಿರಲಿಲ್ಲ.