ಮಾತಾಡಿಸಿ ಹೋದವರ ನಂತರ ಬರುವ ಸಿದ್ದಕ್ಕ

ಬೆಳಕು ಹರಿಯುವ ಮುಂಚೆಯೇ ಬಾಗಲಗುಂಟೆಯ ಆ ವಠಾರದಲ್ಲಿ ರೊಟ್ಟಿ ಬಡಿಯುವ ಸದ್ದು ಶುರುವಾಗುತ್ತದೆ. ಪೀಣ್ಯದ ಕಾರ್ಖಾನೆಗಳಿಗೆ ಹೋಗುವ ಉತ್ತರ ಕರ್ನಾಟಕದವರು ಡಬ್ಬಿಗೆ ಕಟ್ಟಿಸಿಕೊಳ್ಳುವುದು ಸಿದ್ದಕ್ಕನ ಜೋಳದ ರೊಟ್ಟಿಯನ್ನೇ. ದಿನಕ್ಕೆ ನೂರೈವತ್ತಕ್ಕೆ ಕಡಿಮೆಯಿಲ್ಲ. ಕೊನೆಯ ಎರಡನ್ನು ಪುಂಡಿಪಲ್ಯದ ಜೊತೆ ಬಟ್ಟೆಯಲ್ಲಿ ಸುತ್ತಿ ಪಕ್ಕಕ್ಕಿಡುತ್ತಾರೆ. ಅದು ಮಾರುವುದಕ್ಕಲ್ಲ, ಹಿಂದಿನ ಗಲ್ಲಿಯ ದಾನೇಶ್ವರಿಗೆ. ಆಕೆಯ ಗಂಡ ಯಮನೂರ, ಯುಗಾದಿ ಹೊತ್ತಿಗೆ ಕಾಮಾಲೆಯಿಂದ ತೀರಿಕೊಂಡರು. ಈಗ ದೀಪಾವಳಿ ಹತ್ತಿರವಾಗಿದೆ.

ಸಿದ್ದಕ್ಕ ಕುಷ್ಟಗಿ ಕಡೆಯವರು. ಸಾವಾದ ಮನೆಗೆ ಹೋಗಿಬರುವುದಕ್ಕೆ ಅಲ್ಲಿ 'ಮಾತಾಡಿಸುವುದು' ಎನ್ನುತ್ತಾರೆ. ಆ ಮನೆಯಲ್ಲಿ ಒಲೆ ಹಚ್ಚುವುದಿಲ್ಲ, ಹಾಗಾಗಿ ಹೋದವರು ಬುತ್ತಿ ಒಯ್ಯುತ್ತಾರೆ. ಒಮ್ಮೆ ಹೋಗಿ ಕೂತು, ಅತ್ತು, ಎದ್ದು ಬಂದರೆ ಮುಗಿಯಿತು. ಆಮೇಲೆ ಮಾತಾಡಿಸುವವರೇ ಇಲ್ಲ. ಆ ಪದಕ್ಕಾದರೂ ನಾಚಿಕೆಯಾಗಬೇಕು.

ಸಿದ್ದಕ್ಕನ ಗಂಡ ಚನಬಸಪ್ಪ ವರ್ಷಗಳ ಹಿಂದೆ ಕಾರ್ಖಾನೆಯ ಪ್ರೆಸ್ ಮೆಷಿನ್ ಮುಂದೆ ನಿಂತಿದ್ದಾಗಲೇ ಎದೆನೋವು ಬಂದು ಹೋದರು. "ಮಣ್ಣು ಕೊಟ್ಟ ವಾರ ಬುತ್ತಿ ಎಷ್ಟು ಬಂದಿತ್ತಂದ್ರ, ಹಳಸಿದ್ದನ್ನ ದನಕ್ಕ ಹಾಕಿದ್ವಿರಿ. ಮುಂದ ಶ್ರಾವಣದಾಗ ಜ್ವರ ಬಂದು ಬಿದ್ದೆ. ಒಂದು ತುತ್ತು ತಂದವ್ರಿಲ್ಲ. ಮತ್ತ ಅಳ್ತಾಳ ಅಂತ ನನ್ನ ಕಂಡ್ರ ಬ್ಯಾರೆ ಹಾದಿ ಹಿಡೀತಿದ್ರು."

ಅಂದಿನಿಂದ ಸಾವಾದ ಮನೆಗೆ ಮೊದಲ ದಿನಗಳಲ್ಲಿ ಸಿದ್ದಕ್ಕ ಹೋಗುವುದೇ ಇಲ್ಲ. ಎಲ್ಲರ ಬುತ್ತಿ ನಿಂತ ಮೇಲೆ ಇವರದು ಶುರು, ವರ್ಷ ತುಂಬುವವರೆಗೂ ತಪ್ಪದು. ಯಮನೂರನ ಮಣ್ಣಿಗೂ ಬರಲಿಲ್ಲವೆಂದು ಆತನ ಅಕ್ಕ ಬಸಕ್ಕ ಬೀದಿಯಲ್ಲಿ ನಿಂತು ಸಿದ್ದಕ್ಕನನ್ನು ಬಾಯಿಗೆ ಬಂದಂತೆ ಬೈದರು. ಬೈದ ಬಸಕ್ಕ ಕಾರ್ಯ ಮುಗಿಸಿ ಊರಿಗೆ ಹೋದವರು ತಮ್ಮನ ಹೆಂಡತಿಗೆ ಇವತ್ತಿನವರೆಗೂ ಒಂದು ಫೋನ್ ಮಾಡಿಲ್ಲ.

ದಾನೇಶ್ವರಿ ಗಾರ್ಮೆಂಟ್ಸ್‌ನಲ್ಲಿ ಹೊಲಿಯುತ್ತಾರೆ. ಮೊದಲ ವಾರ ಕೈಮುಗಿದು ರಜೆ ಕೊಟ್ಟ ಸೂಪರ್‌ವೈಸರ್ ಈಗ ಕಣ್ಣು ತುಂಬಿದರೆ ಇನ್ನೂ ಎಷ್ಟು ದಿನ ಇದೇ ರಾಗ ಎಂದು ರೇಗುತ್ತಾನೆ. ಇನ್ನೊಮ್ಮೆ ಹೇಳದೆ ಮನೆಯಲ್ಲಿ ಉಳಿದರೆ ಕೆಲಸವಿಲ್ಲ ಎಂದೂ ಹೇಳಿದ್ದಾನೆ. ಕೆಲವು ಬೆಳಿಗ್ಗೆ ಆಕೆಗೆ ಏಳುವ ಮನಸ್ಸೇ ಬರುವುದಿಲ್ಲ. ಸಿದ್ದಕ್ಕ ಬಾಗಿಲು ಬಡಿಯುತ್ತಾರೆ. ಸಮಾಧಾನ ಹೇಳುವುದಿಲ್ಲ. ಯಮನೂರನಿಗೆ ಯಾವ ಪಲ್ಯ ಸೇರುತ್ತಿತ್ತು, ಸಿಟ್ಟು ಬಂದರೆ ಏನು ಮಾಡುತ್ತಿದ್ದ ಎಂದು ಕೇಳುತ್ತಾರೆ. ಉತ್ತರ ಹೇಳುತ್ತಲೇ ಈಕೆ ತಿಂದು, ಜಡೆ ಹಾಕಿಕೊಂಡು ಹೊರಡುತ್ತಾರೆ.

"ಅವ್ರ ಹೆಸರು ಬಾಯಾಗ ತರೋದು ಈಗ ಅಕ್ಕ ಒಬ್ಬಾಕಿನರಿ" ಎನ್ನುತ್ತಾರೆ ದಾನೇಶ್ವರಿ.

ನಿಮ್ಮನ್ನು ಯಾರು ವಿಚಾರಿಸಿಕೊಳ್ಳುತ್ತಾರೆ ಎಂದು ನಾನು ಕೇಳಿದರೆ ಸಿದ್ದಕ್ಕ ಹಿಟ್ಟಿನ ಕೈ ತೊಳೆಯಲು ಏಳುತ್ತಾರೆ. ಇವರ ರೊಟ್ಟಿ ತಿಂದು ಚೇತರಿಸಿಕೊಂಡವರು ಚಂದಾಪುರ, ಬೇಗೂರು ಎಂದು ಚದುರಿದ್ದಾರೆ, ತಿರುಗಿ ನೋಡಿದವರಿಲ್ಲ. ಯಾರಾದರೂ ತಾವಾಗಿಯೇ ಬಂದು ಚನಬಸಪ್ಪನ ಮಾತು ತೆಗೆಯಬೇಕು, ತನಗೆ ಅಷ್ಟೇ ಆಸೆ ಎನ್ನುತ್ತಾರೆ.

ಈ ಬರಹಕ್ಕೆಂದು ಫೋಟೊ ತೆಗೆದುಕೊಂಡು ನಾನು ಎದ್ದಾಗ ಬಾಗಿಲವರೆಗೂ ಬಂದು ಕೇಳುತ್ತಾರೆ: "ಮತ್ತ ಬರ್ತೀರೇನ್ರಿ ಸರ, ಇಲ್ಲಾ ನೀವೂ ಮಾತಾಡ್ಸಿ ಹೋದಂಗನಾ?"