ಹೀರೊ ಮಾಲತೇಶಪ್ಪನ ನಾಲ್ಕು ಸೆಕೆಂಡು

ಬ್ಯಾಡಗಿಯಲ್ಲಿ ‘ಮಾಲತೇಶಪ್ಪನ ಮನೆ ಎಲ್ಲಿ’ ಎಂದು ಕೇಳಿ ನೋಡಿ, ಯಾರೂ ಹೇಳುವುದಿಲ್ಲ. ‘ಹೀರೊನ ಮನೆ’ ಎನ್ನಿ, ಬೀದಿನಾಯಿಯೂ ಎದ್ದು ದಾರಿ ತೋರಿಸುತ್ತದೆ. ಮೆಣಸಿನಕಾಯಿ ಮಾರ್ಕೆಟ್ಟಿನಲ್ಲಿ ಮೂವತ್ತೆಂಟು ವರ್ಷ ಹಮಾಲಿ ಮಾಡಿದ ಮನುಷ್ಯ. ಮೊಮ್ಮಗಳ ಲಗ್ನಪತ್ರಿಕೆಯಲ್ಲೂ ‘ಹೀರೊ ಮಾಲತೇಶಪ್ಪನವರ ಮೊಮ್ಮಗಳು’ ಎಂದೇ ಅಚ್ಚು ಹಾಕಿಸಿದ್ದ. ಊರಲ್ಲಿ ಕಂಪ್ಯೂಟರ್ ರಿಪೇರಿ ಮಾಡುವವನು ನಾನು, ಮುಸ್ತಾಕ್. ಈ ಹೀರೊನಿಂದ ನನಗೆ ಆದ ತಲೆನೋವು ಅಷ್ಟಿಷ್ಟಲ್ಲ.

ಇಪ್ಪತ್ತು ವರ್ಷದ ಹಿಂದೆ ನಮ್ಮ ಮಾರ್ಕೆಟ್ಟಿಗೆ ಸಿನಿಮಾದವರು ಬಂದಿದ್ದರು. ಕೆಂಪು ರಾಶಿಗಳ ನಡುವೆ ನಾಯಕಿ ನಡೆದು ಬರಬೇಕು, ಅವಳ ಹಿಂದೆ ಒಬ್ಬ ಹಮಾಲ ಚೀಲ ಹೊತ್ತು ದಾಟಬೇಕು. ಮಾಲತೇಶಪ್ಪ ಎರಡು ಸಲ ದಾಟಿದ. ಮೂರನೇ ಸಲಕ್ಕೆ ಅವನು ಚಹಾ ಕುಡಿಯಲು ಹೋಗಿದ್ದ, ಜೋಡಿ ಹಮಾಲ ನಬಿಸಾಬ ದಾಟಿದ. ಸಿನಿಮಾದಲ್ಲಿ ಉಳಿದದ್ದು ಒಂದೇ, ಅದೂ ನಾಲ್ಕು ಸೆಕೆಂಡು. ಯಾವುದು ಉಳಿಯಿತೋ ದೇವರಿಗೇ ಗೊತ್ತು. ರಾಣೆಬೆನ್ನೂರಿನ ಟಾಕೀಸಿನಲ್ಲಿ ನೋಡಿದರೆ ಕೆಂಪು ಧೂಳು, ಅದರೊಳಗೆ ತಲೆಗೆ ಗೋಣಿ ಹೊದ್ದ ಒಂದು ಕರಿ ಆಕಾರ. ಸಿ.ಡಿಯಲ್ಲಿ ಆ ಆಕಾರವೂ ಇಲ್ಲ. ಟಿ.ವಿಯಲ್ಲಿ ಬಂದಾಗ ಸರಿಯಾಗಿ ಆ ಹೊತ್ತಿಗೇ ಕರೆಂಟು ಹೋಯಿತು.

“ಅದು ನಾನ!” ಎಂದ ಮಾಲತೇಶಪ್ಪ. ನಬಿಸಾಬ ಒಂದು ದಿನವೂ ವಾದಕ್ಕಿಳಿಯಲಿಲ್ಲ. “ಹೂಂ ಮಾರಾಯಾ, ನೀನ ಅದಿ. ಬಿಡು ಆ ಮಾತು” ಎಂದು ಬೀಡಿ ಹಚ್ಚುತ್ತಿದ್ದ. ಎಂಥ ದೊಡ್ಡ ಮನಸ್ಸು ಎಂದು ನಾವೆಲ್ಲ ಹೊಗಳುತ್ತಿದ್ದೆವು. ಅವನು ತೀರಿಕೊಂಡು ಹನ್ನೊಂದು ವರ್ಷವಾಯಿತು.

ಈಗ ತಕರಾರು ತೆಗೆದವರು ಹಲಗೇರಿಯ ಬೀಗರು. ಲಗ್ನಪತ್ರಿಕೆ ಓದಿ, “ಹೀರೊ ಅಂದ್ರ ಯಾವ ಸಿನಿಮಾದ ಹೀರೊರಿ? ಮುಖಾ ತೋರಸ್ರಿ, ನೋಡೂಣು” ಎಂದುಬಿಟ್ಟರು. ನಮ್ಮ ಹೀರೊಗೆ ರೋಷ ಬಂತು. “ಮುಖಾ ತೋರಸಲಿಲ್ಲಂದ್ರ ಆ ಹೆಸರು ಪತ್ರಿಕೆಯಿಂದ ತಗಸ್ತೇನಿ. ಊರಾಗೂ ಯಾರೂ ಹಂಗ ಕರೀಬಾರ್ದು” ಎಂದು ನಾಲ್ಕು ಜನರ ಮುಂದೆ ಹೇಳಿಕೊಂಡ. ಸೊಸೆ ಪುಷ್ಪಾವತಿ ಹುಡುಕಿ ನೋಡಿದಾಗ ಅದೇ ಸಿನಿಮಾ ಬ್ಲೂ ರೇ ಡಿಸ್ಕಿನಲ್ಲಿ ಬಂದಿರುವುದು ಗೊತ್ತಾಯಿತು. ಕೂದಲು ಕೂದಲು ಬಿಡಿಸಿ ಕಾಣುತ್ತದಂತೆ. ತರಿಸಿಯೇಬಿಟ್ಟಳು.

ತರಿಸಿ ಮನೆಯ ಕಂಪ್ಯೂಟರಿನ ಡಿವಿಡಿ ಡ್ರೈವಿನಲ್ಲಿ ಹಾಕಿದರು. ಅದು ಚರಚರ ಎಂದು ನಾಲ್ಕು ಸುತ್ತು ತಿರುಗಿ ಉಗುಳಿತು. ನನಗೆ ಫೋನು. ಹೋಗಿ ನೋಡುತ್ತೇನೆ, ಡಿಸ್ಕ್ ಇಲ್ಲ! ಮೂಲೆಯಲ್ಲಿ ಒಂದು ಹಸಿ ಗೋಣಿಚೀಲ ಸುತ್ತಿಟ್ಟಿದೆ.

“ಕಾಕಾ, ಡಿಸ್ಕ್ ಎಲ್ಲೈತ್ರಿ?”

“ಆ ಗೋಣ್ಯಾಗ ಐತಿ. ಬಾಳ ಒಣಗಿತ್ತೋ ತಮ್ಮಾ, ಚರಚರ ಅನ್ನಾಕತ್ತಿತ್ತು. ಹಂಗ ಹಾಕಿದ್ರ ಮುರೀತೈತಿ. ನಿನ್ನೆಯಿಂದ ತಂಪಿಗೆ ಇಟ್ಟೇನಿ.”

ಒಣಮೆಣಸಿನಕಾಯಿಗೆ ನೀರು ಚಿಮುಕಿಸಿ ಮೆತ್ತಗೆ ಮಾಡಿದ ಮೇಲೆಯೇ ಚೀಲಕ್ಕೆ ತುಂಬುತ್ತಾರೆ, ಇಲ್ಲದಿದ್ದರೆ ಪುಡಿಯಾಗುತ್ತದೆ. ಅದೇ ಉಪಚಾರವನ್ನು ಈ ಪುಣ್ಯಾತ್ಮ ಡಿಸ್ಕಿಗೆ ಮಾಡಿದ್ದ! ನಾನು ಹಣೆ ಹಣೆ ಬಡಿದುಕೊಂಡೆ. ಒರೆಸಿ ಒಣಗಿಸಿದೆ, ನಸೀಬು, ಏನೂ ಆಗಿರಲಿಲ್ಲ. ಬ್ಲೂ ರೇಗೆ ಬೇರೆ ಡ್ರೈವೇ ಬೇಕು ಎಂದು ತಿಳಿಸಿ, ಹುಬ್ಬಳ್ಳಿಯಿಂದ ತರಿಸಿ ಕೂಡಿಸಿದೆ. ಆಗ ಡಿಸ್ಕೇನೋ ಕಂಡಿತು, ಸಿನಿಮಾ ಓಡಲೊಲ್ಲದು. ಕದ್ದು ನಕಲು ಮಾಡಬಾರದೆಂದು ಅದರೊಳಗೆ ಬೀಗ ಹಾಕಿರುತ್ತಾರೆ, ಅದನ್ನು ತೆಗೆಯುವ ಪ್ಲೇಯರ್ ಸಾಫ್ಟ್‌ವೇರ್ ಬೇರೆ ಇರುತ್ತದೆ ಎಂದೆ.

“ನಾ ಇರೋ ಸಿನಿಮಾಕ್ಕ ನನಗ ಬೀಗ ಹಾಕ್ಯಾರೇನು?” ಎಂದು ಮಾಲತೇಶಪ್ಪ ನನ್ನ ಮೇಲೆಯೇ ಹರಿಹಾಯ್ದ. ಬೀಗ ಹಾಕಿದವನು ನಾನೇ ಎಂಬಂತೆ!

ಅಂತೂ ಆ ಸಾಫ್ಟ್‌ವೇರೂ ಬಂದು, ರವಿವಾರ ಮಧ್ಯಾಹ್ನ ಎಲ್ಲ ಸಜ್ಜಾಯಿತು. ಹಲಗೇರಿಯಿಂದ ಬೀಗರು ಆರು ಜನ ಬಂದು ಕುಳಿತರು. ಒಂದು ತಪ್ಪು ಮಾತ್ರ ನನ್ನದೇ, ಒಪ್ಪಿಕೊಳ್ಳುತ್ತೇನೆ. ಆ ಕಂಪ್ಯೂಟರ್ ಇದ್ದದ್ದು ಮೆಣಸಿನಕಾಯಿ ಚೀಲ ಒಟ್ಟುವ ಕೋಣೆಯಲ್ಲಿ, ನಾಲ್ಕು ವರ್ಷದಿಂದ ಒಳಗಿನ ಧೂಳು ಯಾರೂ ತೆಗೆದಿರಲಿಲ್ಲ. ಅಷ್ಟು ದೊಡ್ಡ ಚಿತ್ರ ಓಡಿಸಲು ಹಳೇ ಯಂತ್ರ ಏದುಸಿರು ಬಿಟ್ಟಿತು, ಕಾಯಿತು, ಒಳಗಿನ ಫ್ಯಾನು ಹುಚ್ಚು ಹಿಡಿದಂತೆ ತಿರುಗಿತು. ನಾಲ್ಕು ವರ್ಷದ ಖಾರ ಒಂದೇ ಸಲಕ್ಕೆ ಹೊರಗೆ ಬಂತು.

ದೊಡ್ಡ ಬೀಗರು ಮೊದಲು ಸೀನಿದರು. ಆಮೇಲೆ ಆರೂ ಜನ. ಕಣ್ಣು ಮುಚ್ಚಿಕೊಂಡು, ಮೂಗಿಗೆ ಸೆರಗು, ಟವೆಲ್ಲು, ಕೊನೆಗೆ ಕಿಟಕಿಯ ಪರದೆ! ಅದೇ ಹೊತ್ತಿಗೆ ಆ ನಾಲ್ಕು ಸೆಕೆಂಡು ಬಂತು. ನೋಡಿದವರು ಇಬ್ಬರೇ. ಕರವಸ್ತ್ರ ಕಟ್ಟಿಕೊಂಡಿದ್ದ ನಾನು, ಮೂವತ್ತೆಂಟು ವರ್ಷ ಖಾರ ಕುಡಿದ ಮಾಲತೇಶಪ್ಪ.

ಗೋಣಿಯ ಕೆಳಗೆ ಮುಖ ಸ್ವಚ್ಛ ಕಂಡಿತು. ಗದ್ದದ ಮೇಲಿನ ಗಾಯದ ಗುರುತು, ಮುಂದಿನ ಮುರುಕು ಹಲ್ಲು. ನಬಿಸಾಬ. ಕ್ಯಾಮೆರಾ ನೋಡಬೇಡ ಎಂದಿದ್ದರೂ ನೋಡಿ ನಗುತ್ತಿದ್ದ. ಫೋಟೊ ಎಂದರೆ ಓಡಿಹೋಗುತ್ತಿದ್ದ ಮನುಷ್ಯ, ಅವನ ಮನೆಯಲ್ಲೇ ಅವನದೊಂದು ಚಿತ್ರವಿಲ್ಲ.

ಕಾಕಾ ನನ್ನ ಮುಖ ನೋಡಿದ. ಬೀಗರು ಇನ್ನೂ ಸೀನುತ್ತಿದ್ದರು. ‘ನೋಡಿದಿರಿಲ್ಲೋ? ನಾನ!’ ಎಂದಿದ್ದರೆ ಮುಗಿದೇಹೋಗುತ್ತಿತ್ತು, ನಾನೂ ಬಾಯಿ ಬಿಡುತ್ತಿರಲಿಲ್ಲ. ಅವನು ಕಂಪ್ಯೂಟರ್ ಪರದೆಯ ಹತ್ತಿರ ಹೋಗಿ ಬಗ್ಗಿ ನೋಡಿದ. “ಲೇ ನಬ್ಯಾ” ಎಂದ, ಮೆಲ್ಲಗೆ. ಆಮೇಲೆ, “ಹಂಗ ನಿಂದ್ರಸು. ಬಂದೆ” ಎಂದು ಚಪ್ಪಲಿಯನ್ನೂ ಮೆಟ್ಟದೆ ಹೊರಗೆ ಹೋದ.

ಬರುವಾಗ ಹಿಂದಿನ ಓಣಿಯ ಬಿಬಿಜಾನ್ ಚಾಚಿಯನ್ನು ಕರೆತಂದಿದ್ದ. ನಬಿಸಾಬನ ಹೆಂಡತಿ. ನಲವತ್ತು ವರ್ಷ ಮೆಣಸಿನಕಾಯಿಯ ತೊಟ್ಟು ಮುರಿದವಳು, ಆ ಖಾರಕ್ಕೆ ಅವಳ ರೆಪ್ಪೆಯೂ ಮಿಟುಕಲಿಲ್ಲ. ಕಾಕಾ ಅವಳನ್ನು ಮುಂದಿನ ಕುರ್ಚಿಯಲ್ಲಿ ಕೂಡಿಸಿ ಬೀಗರ ಕಡೆ ತಿರುಗಿದ.

“ಬೀಗ್ರ, ಅದು ನಾನಲ್ಲ. ಈಕಿ ಗಂಡ, ನಮ್ಮ ನಬಿಸಾಬ. ಪತ್ರಿಕೆ ಬ್ಯಾರೇ ಅಚ್ಚ ಹಾಕಸ್ತೇನಿ.” ಧ್ವನಿ ಗಟ್ಟಿಯಾಗಿಯೇ ಇತ್ತು. ದೊಡ್ಡ ಬೀಗರು ಏನೋ ಹೇಳಲು ಬಾಯಿ ತೆರೆದು ಮತ್ತೆ ಸೀನಿದರು.

ನಾನು ಗುಂಡಿ ಒತ್ತಿದೆ. ನಬಿಸಾಬ ಚೀಲ ಹೊತ್ತು, ನಕ್ಕು, ದಾಟಿಹೋದ. ಚಾಚಿ ಅಳುತ್ತಾಳೆಂದು ನಾವೆಲ್ಲ ಉಸಿರು ಬಿಗಿಹಿಡಿದೆವು.

“ಸುಳ್ಳಬುರಕಾ!” ಎಂದಳು ಚಾಚಿ. “ಸೊಂಟ ಹಿಡದೈತಿ, ಚೀಲಾ ಮುಟ್ಟಬ್ಯಾಡ ಅಂತ ಆಣಿ ಮಾಡಿಸಿಕೊಂಡಿದ್ದೆ. ಸಿನಿಮಾದವರು ಬಂದ ದಿನ ಕಾಗಿನೆಲಿಗೆ ಹೋಗಿ ಔಷಧ ತರ್ತೇನಿ ಅಂತ ಹೇಳಿ ಹೋದಾಂವ, ಇಲ್ಲಿ ಚೀಲಾ ಹೊತ್ತ ಹಲ್ಲ ಕಿಸಿಯಾಕತ್ಯಾನ!”

ಇಪ್ಪತ್ತು ವರ್ಷ ಗೆಳೆಯನ ದೊಡ್ಡ ಮನಸ್ಸು ಎಂದು ತಿಳಿದದ್ದು ಹೆಂಡತಿಯ ಹೆದರಿಕೆಯಾಗಿತ್ತು.

“ಭಾಬಿ, ಬಂದ್ ಮಾಡಸ್ಲೇನು?” ಎಂದು ಕೇಳಿದ ಮಾಲತೇಶಪ್ಪ, ಹೆದರುತ್ತಲೇ.

ಚಾಚಿ ಪರದೆಯಿಂದ ಕಣ್ಣು ತೆಗೆಯಲಿಲ್ಲ. ಕುರ್ಚಿಯನ್ನು ಇನ್ನಷ್ಟು ಮುಂದೆ ಎಳೆದುಕೊಂಡಳು.

“ಏ ಮುಸ್ತಾಕ್, ಮತ್ತೊಮ್ಮೆ ಹಾಕೋ. ಇನ್ನೂ ಬೈಯೋದು ಐತಿ.”