ಹೊನ್ನೂರಮ್ಮ ಮೇಡಂ ಅವರ ಎಡ ಬಲ

ಬಳ್ಳಾರಿ ಕಂಟೋನ್ಮೆಂಟಿನ ಆ ಕಾಲೇಜಿನಲ್ಲಿ ಬಿ.ಕಾಂ. ಓದಿದವರು ಯಾರೇ ಸಿಗಲಿ, ಹೊನ್ನೂರಮ್ಮ ಮೇಡಂ ಹೆಸರೆತ್ತಿ ನೋಡಿ. ಎರಡೂ ಕೈ ಚಾಚಿ, ‘ಈ ಕಡಿ ಡೆಬಿಟ್ಟು, ಈ ಕಡಿ ಕ್ರೆಡಿಟ್ಟು’ ಎಂದು ತೋರಿಸಿ ನಗುತ್ತಾರೆ. ಹನ್ನೆರಡು ವರ್ಷದಿಂದ ಮೇಡಂ ಅಕೌಂಟೆನ್ಸಿ ಪಾಠ ಶುರು ಮಾಡುವುದೇ ಹೀಗೆ. ಖಾತೆಯಲ್ಲಿ ಡೆಬಿಟ್ ಎಡಕ್ಕೆ, ಕ್ರೆಡಿಟ್ ಬಲಕ್ಕೆ. ಎದುರು ಕೂತ ಮಕ್ಕಳಿಗೆ ಗೊಂದಲ ಆಗಬಾರದೆಂದು ಅವರು ಎಡ ಎನ್ನುವಾಗ ತಮ್ಮ ಬಲಗೈ ಎತ್ತುತ್ತಾರೆ, ಬಲ ಎನ್ನುವಾಗ ಎಡಗೈ. ಮಕ್ಕಳ ಕಣ್ಣಿಗೆ ಎಲ್ಲ ಸರಿಯಾಗಿ ಕಾಣುತ್ತದೆ. ಈ ಉಪಕಾರವೇ ಮುಂದೆ ಅವರನ್ನು ಪೇಚಿಗೆ ಸಿಕ್ಕಿಸಿತು.

ಕಾಲೇಜಿನ ಹುಡುಗಿಯರ ಎನ್.ಸಿ.ಸಿ. ಘಟಕಕ್ಕೆ ಎರಡು ವರ್ಷದಿಂದ ಅಧಿಕಾರಿ ಇರಲಿಲ್ಲ. ಇದ್ದ ಮೇಡಂ ನಿವೃತ್ತರಾಗಿದ್ದರು. ಉಪನ್ಯಾಸಕಿಯೊಬ್ಬರು ಗ್ವಾಲಿಯರಿಗೆ ಹೋಗಿ, ತಿಂಗಳುಗಟ್ಟಲೆ ಅಧಿಕಾರಿ ತರಬೇತಿ ಮುಗಿಸಿ, ಹೆಗಲ ಮೇಲೆ ಎರಡು ನಕ್ಷತ್ರ ಹೊತ್ತು ಬರಬೇಕಿತ್ತು. ಈ ವರ್ಷವೂ ಯಾರೂ ತಯಾರಾಗದಿದ್ದರೆ ಘಟಕ ಬೇರೆ ಕಾಲೇಜಿನ ಪಾಲು ಎಂದು ಪತ್ರ ಬಂತು. ಪ್ರಿನ್ಸಿಪಾಲ್ ಚಿದಾನಂದಪ್ಪ ಅದನ್ನು ಸಭೆಯಲ್ಲಿ ಓದಿದರು. ಒಬ್ಬರಿಗೆ ಮಂಡಿ ನೋವು, ಒಬ್ಬರಿಗೆ ಮಗನ ಎಸ್ಸೆಸ್ಸೆಲ್ಸಿ, ಉಳಿದವರಿಗೆ ತಲೆಯ ಮೇಲಿನ ಫ್ಯಾನಿನ ಬಗ್ಗೆ ಇದ್ದಕ್ಕಿದ್ದಂತೆ ಅಕ್ಕರೆ ಹುಟ್ಟಿತು. ಮೂವತ್ತಾರು ವರ್ಷದ ಹೊನ್ನೂರಮ್ಮ ಮಾತ್ರ ಕೈ ಎತ್ತಿದರು.

ಅದಕ್ಕೊಂದು ಹಳೆಯ ಕಾರಣವಿತ್ತು. ಅವರ ತವರು ಸಿರುಗುಪ್ಪ ತಾಲೂಕಿನ ಕೆಂಚನಗುಡ್ಡ. ಅಪ್ಪ ಎರ್ರಣ್ಣನಿಗೆ ಹೊಳೆಯ ದಂಡೆಯಲ್ಲಿ ಭತ್ತದ ಗದ್ದೆ. ಸಿರುಗುಪ್ಪದಲ್ಲಿ ಓದುವಾಗ ಎನ್.ಸಿ.ಸಿ. ಆಯ್ಕೆಗೆ ನಡೆದ ಓಟದಲ್ಲಿ ಹೊನ್ನೂರಮ್ಮನೇ ಮೊದಲು. ಆದರೆ ಪರೇಡ್ ಮುಗಿಯುತ್ತಿದ್ದುದು ಐದೂವರೆಗೆ, ಊರಿನ ಕೊನೆಯ ಬಸ್ಸು ಐದಕ್ಕೆ. ಸ್ವಲ್ಪ ಬೇಗ ಬಿಡುತ್ತೀರಾ ಎಂದು ಕೇಳಲು ಹತ್ತೊಂಬತ್ತರ ಹುಡುಗಿಗೆ ಬಾಯಿ ಬರಲಿಲ್ಲ. ಮರುದಿನವೇ ಹೆಸರು ತೆಗೆಸಿ, ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ತಿರುಗಿಸಿ ಅತ್ತುಬಿಟ್ಟರು. ಆಮೇಲೆ ಎಂ.ಕಾಂ. ಆಯಿತು, ಕೆಲಸ ಸಿಕ್ಕಿತು, ಆದರೆ ಖಾಕಿ ಬಟ್ಟೆಯ ಹುಡುಗಿಯರು ಸಾಲಾಗಿ ಹೋಗುವುದು ಕಂಡರೆ ಪಾಠ ಅರ್ಧಕ್ಕೆ ನಿಲ್ಲುತ್ತಿತ್ತು. ಆಸೆ ಹೋಗಿರಲಿಲ್ಲ.

ಮದುವೆಯಾಗಿ ಬಂದದ್ದು ಕುರುಗೋಡಿಗೆ. ಗಂಡ ಅಮರೇಶ್‌ಗೆ ಅಲ್ಲಿ ಟ್ರ್ಯಾಕ್ಟರ್ ಬಿಡಿಭಾಗಗಳ ಅಂಗಡಿ. ಹೆಂಡತಿ ತರಬೇತಿಗೆ ಹೋಗಲು ಅವರು ಎರಡು ಮಾತಿಲ್ಲದೆ ಒಪ್ಪಿದರು. ಅತ್ತೆ ದೊಡ್ಡಬಸಮ್ಮ ಇನ್ನೂ ಒಂದು ಹೆಜ್ಜೆ ಮುಂದೆ. ಕಟಕ ರೊಟ್ಟಿ, ಶೇಂಗಾ ಚಟ್ನಿಪುಡಿ ಕಟ್ಟಿಕೊಡುವ ಮೊದಲೇ ಓಣಿಯಲ್ಲೆಲ್ಲ ಸುದ್ದಿ ಹಂಚಿ ಬಂದರು. ಅವರು ಹಂಚಿದ ಸುದ್ದಿಯಲ್ಲಿ ಸೊಸೆ ತರಬೇತಿಗಲ್ಲ, ನೇರ ಗಡಿ ಕಾಯಲು ಹೊರಟಿದ್ದಳು. ಹೀಗಾಗಿ ನಕ್ಷತ್ರವಿಲ್ಲದೆ ವಾಪಸು ಬರುವ ದಾರಿ ಮನೆಯ ಕಡೆಯಿಂದಲೂ ಮುಚ್ಚಿತ್ತು.

ಗ್ವಾಲಿಯರಿನಲ್ಲಿ ಭಾಷೆಯ ತೊಂದರೆ ಏನೂ ಆಗಲಿಲ್ಲ. ಸಿರುಗುಪ್ಪದ ಸಂತೆಯಲ್ಲಿ ಉರ್ದು, ತೆಲುಗು ಎಲ್ಲ ಕೇಳಿ ಬೆಳೆದವರಿಗೆ ಹಿಂದಿ ಎಷ್ಟರದು. ಬೆಳಗಿನ ಓಟದಲ್ಲಿ ಕಾಲು ನೋಯಿಸಿಕೊಂಡರೂ ಹಿಂದೆ ಬೀಳಲಿಲ್ಲ. ತೊಂದರೆಯಾದದ್ದು ಡ್ರಿಲ್ಲಿನಲ್ಲಿ. ಉಸ್ತಾದ್ ಎಂದು ಎಲ್ಲರೂ ಕರೆಯುವ ಹವಾಲ್ದಾರರು ಬಲಕ್ಕೆ ತಿರುಗಲು ಹೇಳಿದರೆ ನಲವತ್ತು ಜನ ಬಲಕ್ಕೆ, ಹೊನ್ನೂರಮ್ಮ ಒಬ್ಬರೇ ಎಡಕ್ಕೆ. ಪಕ್ಕದಲ್ಲಿದ್ದ ಕೇರಳದ ಮೇಡಂಗೆ ದಿನಕ್ಕೆ ನಾಲ್ಕು ಸಲ ಇವರ ಮುಖದರ್ಶನ. ಎಡ ಬಲ ಗೊತ್ತಿಲ್ಲವೆಂದಲ್ಲ. ಹನ್ನೆರಡು ವರ್ಷ ಕೈ ಅದಲು ಬದಲು ಎತ್ತಿ ಎತ್ತಿ, ಮಾತು ಕಿವಿಗೆ ಬಿದ್ದ ಕೂಡಲೇ ದೇಹ ತಾನಾಗಿಯೇ ಉಲ್ಟಾ ಕಡೆ ಹೊರಳುತ್ತಿತ್ತು.

ಡ್ರಿಲ್ ಪರೀಕ್ಷೆಯಲ್ಲಿ ಫೇಲಾದರು. ವಾರದ ಮೇಲೆ ಇನ್ನೊಂದು ಅವಕಾಶ, ಅದರಲ್ಲೂ ತಪ್ಪಿದರೆ ಮನೆಗೆ. ನೂರಾರು ಹುಡುಗರನ್ನು ಪಾಸು ಮಾಡಿಸಿದ ಮೇಡಂಗೆ ಫೇಲು ಎಂಬ ಮಾತೇ ಹೊಸದು. ಸಂಜೆ ಮನೆಗೆ ಫೋನ್ ಮಾಡಿದಾಗ ಮಗನ ಕೈಯಿಂದ ಫೋನ್ ಕಿತ್ತುಕೊಂಡ ದೊಡ್ಡಬಸಮ್ಮ ಎಲ್ಲ ಕೇಳಿಸಿಕೊಂಡರು.

“ಉಣ್ಣೋ ಕೈ ಯಾವುದು ಅಂಬೋದು ಮರತಿಲ್ಲಲ್ಲ? ಅವರು ಬಲಕ್ಕ ಅಂದ್ರ ಉಣ್ಣೋ ಕೈ ಕಡಿ ತಿರುಗು. ಎಡಕ್ಕ ಅಂದ್ರ ತಾಟು ಹಿಡಿಯೋ ಕೈ ಕಡಿ. ಪಾಠದ್ದು ಇಲ್ಲೇ ಇರಲಿ, ಅಲ್ಲಿ ಊಟದ್ದು ನೆನಸಿಕೋ.”

ಮರುದಿನದಿಂದ ಹೊನ್ನೂರಮ್ಮ ಮೈದಾನದಲ್ಲಿ ನಿಂತು ಮನಸ್ಸಿನಲ್ಲೇ ಊಟ ಮಾಡತೊಡಗಿದರು. ಬಲಗೈ ಬೆರಳು ಅನ್ನ ಕಲಸುವಂತೆ ಮೆಲ್ಲಗೆ ಆಡುತ್ತಿದ್ದವು. ಮುಷ್ಟಿ ಬಿಗಿ ಇರಬೇಕಾದಲ್ಲಿ ಇದೇನು ಎಂದು ಉಸ್ತಾದ್ ಕೇಳಿದರು. ಸುಳ್ಳು ಹೇಳಲು ಬಾರದ ಮೇಡಂ ಅತ್ತೆಯ ಉಪಾಯವನ್ನು ಇದ್ದದ್ದು ಇದ್ದಂಗೆ ಒಪ್ಪಿಸಿದರು. ಉಸ್ತಾದರ ಮೀಸೆ ಒಂದು ಸಲ ಅಲುಗಿತು. ಮುಷ್ಟಿಯೊಳಗೇ ಕಲಸಿಕೊಳ್ಳಿ ಎಂದು ಹೇಳಿ ಮುಂದೆ ಹೋದರು.

ಎರಡನೇ ಪರೀಕ್ಷೆಯ ದಿನ ತಿರುಗುವುದರಲ್ಲಿ ಹೇಗೋ ತಪ್ಪಾಗಲಿಲ್ಲ. ಮುಂದಿನದು ಎಲ್ಲರೂ ಹೆದರುವ ಭಾಗ. ತುಕಡಿಯ ಎದುರು ಮುಖ ಕೊಟ್ಟು ನಿಂತು, ತಾವೇ ಆಜ್ಞೆ ಕೊಟ್ಟು, ತಪ್ಪಿದವರನ್ನು ಹಿಡಿಯಬೇಕು. ಎದುರಿಗಿರುವವರ ಎಡ ನಮ್ಮ ಬಲವಾಗಿ ಕಾಣುವುದರಿಂದ ಅಂದು ಬೆಳಿಗ್ಗೆಯಿಂದ ಒಳ್ಳೊಳ್ಳೆಯವರೇ ಮುಗ್ಗರಿಸಿದ್ದರು. ಹೊನ್ನೂರಮ್ಮ ಎದುರು ನಿಂತರು. ನಲವತ್ತು ಮುಖ ತಮ್ಮನ್ನೇ ನೋಡುತ್ತಿವೆ. ಇದು ಅವರಿಗೆ ಗೊತ್ತಿದ್ದ ಜಾಗ. ಹನ್ನೆರಡು ವರ್ಷದಿಂದ ದಿನಾ ನಿಂತ ಜಾಗ. ಕ್ಲಾಸಿನ ದನಿಯಲ್ಲೇ ಆಜ್ಞೆ ಕೊಟ್ಟರು. ಹಿಂದಿನ ಸಾಲಿನಲ್ಲಿ ಒಬ್ಬರು ತಪ್ಪು ಕಡೆ ತಿರುಗಿದ್ದನ್ನು ಕಣ್ಣು ಮಿಟುಕಿಸುವುದರಲ್ಲಿ ಹಿಡಿದರು. ಅವರ ಕಡೆಯಿಂದ ಒಂದೂ ತಪ್ಪಿಲ್ಲ. ಉಸ್ತಾದ್ ಅಂಕ ಬರೆಯುತ್ತಾ, ಅತ್ತೆಗೆ ನಮ್ಮ ನಮಸ್ಕಾರ ತಿಳಿಸಿ ಎಂದರು.

ಎರಡು ನಕ್ಷತ್ರದೊಂದಿಗೆ ಬಳ್ಳಾರಿಗೆ ಮರಳಿದಾಗ ಹೊಸ ಬಿ.ಕಾಂ. ಮಕ್ಕಳ ಪರಿಚಯ ಕಾರ್ಯಕ್ರಮ. ಗ್ರಂಥಾಲಯದ ಕಾರ್ಡು, ಹಾಜರಾತಿ, ಸೆಮಿಸ್ಟರ್ ಎಂದು ಚಿದಾನಂದಪ್ಪ ಒಂದು ಗಂಟೆ ಮಾತಾಡಿ ಮಕ್ಕಳನ್ನು ಅರ್ಧ ಮಲಗಿಸಿದ್ದರು. ಖಾಕಿ ತೊಟ್ಟ ಹೊನ್ನೂರಮ್ಮ ವೇದಿಕೆ ಹತ್ತಿದ ಮೇಲೆ ಎಲ್ಲರೂ ನೆಟ್ಟಗೆ ಕೂತರು. ಮೊದಲು ಡೆಬಿಟ್ ಕ್ರೆಡಿಟ್ಟಿಗೆ ಕೈ ಚಾಚಿದರು, ಆಮೇಲೆ ಘಟಕ ಉಳಿದಿದೆ, ಸೇರುವವರು ಸೇರಬಹುದು ಎಂದು ಹೇಳಿ ಪರೇಡಿನ ವೇಳಾಪಟ್ಟಿ ಓದಿದರು. ಹಿಂದಿನ ಮೇಡಂ ಕಾಲದ ಪಟ್ಟಿ ಅದು, ಸಂಜೆ ಐದೂವರೆಯ ತನಕ ಇತ್ತು.

ಕೊನೆಯ ಬೆಂಚಿನಿಂದ ಒಬ್ಬ ಹುಡುಗಿ ಎದ್ದು ನಿಂತಳು. ಹೆಸರು ಭಾಗ್ಯ.

“ಮೇಡಂ, ನಂದು ರೂಪನಗುಡಿ ರೀ. ನಮ್ಮೂರಿಗೆ ಕಡೀ ಬಸ್ಸು ನಾಲ್ಕೂಮುಕ್ಕಾಲಕ್ಕ ಐತಿ. ಪರೇಡ್ ಸ್ವಲ್ಪ ಜಲ್ದಿ ಬಿಡ್ತೀರೇನ್ರಿ?”

ಹೊನ್ನೂರಮ್ಮ ಕೈಯಲ್ಲಿದ್ದ ಪಟ್ಟಿಯನ್ನೊಮ್ಮೆ, ಭಾಗ್ಯಳನ್ನೊಮ್ಮೆ ನೋಡಿದರು. ತಾವು ಕೇಳಲಾರದೆ ಹೋದ ಮಾತನ್ನು ಈ ಹುಡುಗಿ ಎಷ್ಟು ಸಲೀಸಾಗಿ ಕೇಳಿಬಿಟ್ಟಳು. ಜೇಬಿನಿಂದ ಪೆನ್ನು ತೆಗೆದು ಪಟ್ಟಿಯ ಮೇಲೆ ಅಡ್ಡ ಗೆರೆ ಎಳೆದರು.

“ಎಲ್ಲಾರೂ ನಿಮ್ಮ ನಿಮ್ಮ ಊರಿನ ಕಡೀ ಬಸ್ಸಿನ ಟೈಮು ಬರದು ಕೊಡ್ರಿ. ಅದನ್ನ ನೋಡೇ ಪರೇಡ್ ಟೈಮು ಹಾಕ್ತೀನಿ. ಬಸ್ಸಿನ ಸಲುವಾಗಿ ಯಾರೂ ಹೆಸರು ತೆಗಸೋದು ಬ್ಯಾಡ. ಈಗ ಸೇರೋರು ಕೈ ಎತ್ರಿ.”

ಮೂವತ್ತಕ್ಕೂ ಹೆಚ್ಚು ಕೈ ಎದ್ದವು. ಎಡವೋ ಬಲವೋ ಎಂಬ ತಕರಾರೇ ಬೇಡವೆಂದು ಭಾಗ್ಯ ಎರಡೂ ಕೈ ಎತ್ತಿದ್ದಳು.